ನಮ್ಮ ದ್ವೀಪ, ಮುಳುಗದೆ ಉಳಿದ ಗುಡ್ಡ

(ಜಲಕ್ರೀಡೆಯ ಪ್ರವಾಸಕ್ಕೆ ಹೊರಟು ನಿಂತಿದ್ದ ಪದವಿ ವಿದ್ಯಾರ್ಥಿಗಳ ತಂಡವೊಂದನ್ನು ಉದ್ದೇಶಿಸಿ ಸಕಲೇಶಪುರದಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಲಿಖಿತ ರೂಪ.)



ನಿಮ್ಮ ಪ್ರವಾಸದ ಕರಪತ್ರ ನೋಡಿದೆ. ಐದು ದಿನ. ಮೊದಲ ಎರಡು ದಿನ ಹೇಮಾವತಿ ಹಿನ್ನೀರಿನ ದಡದಲ್ಲಿ ಬಿಡಾರ, ಹರಿಗೋಲು, ಕಯಾಕ್, ನಡುಗಡ್ಡೆಗೆ ಭೇಟಿ. ಆಮೇಲೆ ಘಟ್ಟ ಇಳಿದು ಮಲ್ಪೆ, ಅಲ್ಲಿಂದ ಸೇಂಟ್ ಮೇರೀಸ್ ದ್ವೀಪ. ಕೊನೆಯ ದಿನ ಮುರ್ಡೇಶ್ವರ ಮತ್ತು ನೇತ್ರಾಣಿ. ಹೊರಡುವ ಮುನ್ನ ದ್ವೀಪಗಳ ಬಗ್ಗೆ ಅರ್ಧ ಗಂಟೆ ಮಾತನಾಡಬೇಕೆಂದು ನಿಮ್ಮ ಉಪನ್ಯಾಸಕರು ಕರೆದಾಗ ನನಗೆ ಸ್ವಲ್ಪ ಅಳುಕಾಯಿತು. ನಾನು ಇತಿಹಾಸಕಾರ್ತಿಯಲ್ಲ, ಈಜುಪಟುವೂ ಅಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಪತ್ರಿಕೆ ಸೇರಿದವಳು. ಆದರೆ ದ್ವೀಪವೊಂದರ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪು ಇದೆ. ಅದನ್ನು ಹೇಳಿಕೊಳ್ಳಲು ಇದು ಒಳ್ಳೆಯ ಸಂದರ್ಭ ಎನಿಸಿ ಒಪ್ಪಿಕೊಂಡೆ. ತಪ್ಪಿನ ಕತೆ ಆಮೇಲೆ. ಮೊದಲು ನೀರಿನ ಕತೆ.

ಎರಡು ಕಡಲಿಗೆ ಒಂದೇ ಮಳೆ

ನಾವೀಗ ಕುಳಿತಿರುವುದು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿ. ಇಂಥ ಊರಿನಲ್ಲಿ ದೋಣಿ, ದ್ವೀಪ ಎಂದು ಮಾತನಾಡುವುದು ಕೇಳುವವರಿಗೆ ತಮಾಷೆಯಾಗಿ ಕಾಣಬಹುದು. ಆದರೆ ನಮ್ಮ ತಾಲ್ಲೂಕಿನಲ್ಲೇ, ಬಿಸಿಲೆ ಘಾಟಿಗೆ ಹೋಗುವ ದಾರಿಯಲ್ಲಿ ಮಂಕನಹಳ್ಳಿಯ ಹತ್ತಿರ ಒಂದು ಕಲ್ಲು ಇದೆ. ಬ್ರಿಟಿಷರ ಕಾಲದಲ್ಲಿ ನೆಟ್ಟ ಗುರುತು. ಒಂದು ಬದಿಯಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಬದಿಯಲ್ಲಿ ಬಂಗಾಳ ಕೊಲ್ಲಿ ಎಂದು ತೋರಿಸುತ್ತದೆ. ಆ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆಹನಿ ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ, ಮಂಗಳೂರಿನಲ್ಲಿ ಕಡಲಿಗೆ ಇಳಿಯುತ್ತದೆ. ಪೂರ್ವಕ್ಕೆ ಬಿದ್ದ ಹನಿ ಹೇಮಾವತಿ ಸೇರಿ, ಗೊರೂರಿನಲ್ಲಿ ಅಣೆಕಟ್ಟಿಗೆ ತಡೆದು ನಿಂತು, ಅಲ್ಲಿಂದ ಮುಂದೆ ಕಾವೇರಿಯ ಜೊತೆ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಒಂದೇ ಮೋಡದ ಮಳೆ, ಒಂದಡಿ ಅಂತರದಲ್ಲಿ ಬಿದ್ದರೂ ಎರಡು ಕಡಲು.

ನಿಮ್ಮ ಐದು ದಿನದ ಪ್ರವಾಸ ಈ ಎರಡೂ ಹನಿಗಳ ಹಿಂದೆ ಹೋಗುವ ಪ್ರವಾಸ. ಪಶ್ಚಿಮದ ಹನಿಯ ಕಡೆ ನೀವು ನೋಡುವುದು ಭೂಮಿಯೇ ಹೆತ್ತ ದ್ವೀಪಗಳು. ಪೂರ್ವದ ಹನಿಯ ಕಡೆ ನೋಡುವುದು ಮನುಷ್ಯ ಮಾಡಿದ ದ್ವೀಪಗಳು. ನೋಡಲು ಎರಡೂ ಒಂದೇ: ಸುತ್ತ ನೀರು, ನಡುವೆ ನೆಲ. ಆದರೆ ಎರಡರ ಹುಟ್ಟು ಬೇರೆ. ಹುಟ್ಟು ಗೊತ್ತಿದ್ದರೆ ನೋಡುವ ಕಣ್ಣೂ ಬೇರೆಯಾಗುತ್ತದೆ.

ಯಾಟ್ ಎಂಬ ಬೇಟೆದೋಣಿ

ದೋಣಿಯಲ್ಲಿ ಗುಂಪಾಗಿ ಹೋಗಿ, ದ್ವೀಪದಿಂದ ದ್ವೀಪಕ್ಕೆ ತಿರುಗಿ, ಈಜಿ, ಆಡಿ, ರಜೆ ಕಳೆಯುವ ಪದ್ಧತಿ ಯುರೋಪಿನಿಂದ ಬಂದದ್ದು. ಅದಕ್ಕೆ ಬಳಸುವ ಹಾಯಿದೋಣಿಗೆ ಯಾಟ್ ಎನ್ನುತ್ತಾರೆ. ಮೂಲದಲ್ಲಿ ಇದು ಡಚ್ಚರ ಮಾತು, ಬೇಟೆ ಎಂದು ಅರ್ಥ. ಆಳವಿಲ್ಲದ ನೀರಿನಲ್ಲಿ ಶತ್ರುಗಳನ್ನೂ ಕಡಲ್ಗಳ್ಳರನ್ನೂ ಬೆನ್ನಟ್ಟಲು ಮಾಡಿದ ಹಗುರ, ಚುರುಕು ದೋಣಿ ಅದು. 1660ರಲ್ಲಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಡಚ್ಚರು 'ಮೇರಿ' ಎಂಬ ಯಾಟನ್ನು ಕಾಣಿಕೆ ಕೊಟ್ಟರು. ಮರುವರ್ಷ ದೊರೆ ತನ್ನ ತಮ್ಮನೊಡನೆ ಥೇಮ್ಸ್ ನದಿಯಲ್ಲಿ 100 ಪೌಂಡಿನ ಪಣ ಕಟ್ಟಿ ದೋಣಿ ಓಡಿಸಿದ. ಬೇಟೆಯ ದೋಣಿ ಆಟದ ದೋಣಿಯಾದದ್ದು ಹೀಗೆ. ಇಂಗ್ಲಿಷರು ಹೋದಲ್ಲೆಲ್ಲ ಈ ಆಟವನ್ನೂ ಕೊಂಡುಹೋದರು. ಮುಂಬಯಿಯಲ್ಲಿ 1846ರಷ್ಟು ಹಿಂದೆಯೇ ಯಾಟ್ ಕ್ಲಬ್ ಆಯಿತು.

ಇದು ಶ್ರೀಮಂತರ ಆಟವೆಂಬ ಮಾತಿನಲ್ಲಿ ಸತ್ಯವಿದೆ. ಆದರೆ ಪೂರ್ತಿ ಸತ್ಯವಲ್ಲ. ನಮ್ಮ ಸೈನ್ಯದ ಎಂಜಿನಿಯರ್ ದಳದವರು 1985ರಿಂದ 1987ರವರೆಗೆ 'ತೃಷ್ಣಾ' ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ ಬಂದರು. 2017ರ ಸೆಪ್ಟೆಂಬರಿನಲ್ಲಿ ನೌಕಾಪಡೆಯ ಆರು ಮಂದಿ ಮಹಿಳೆಯರು ಗೋವಾದಿಂದ 'ತಾರಿಣಿ' ಎಂಬ 56 ಅಡಿಯ ಹಾಯಿದೋಣಿಯಲ್ಲಿ ಹೊರಟು, 254 ದಿನಗಳ ಅನಂತರ 2018ರ ಮೇ ತಿಂಗಳಲ್ಲಿ ಅಲ್ಲಿಗೇ ಮರಳಿದರು. ಆ ದೋಣಿ ಕಟ್ಟಿದ್ದೂ ಗೋವಾದಲ್ಲೇ. ಇಲ್ಲಿ ಕುಳಿತಿರುವ ಹೆಣ್ಣುಮಕ್ಕಳು ಇದನ್ನು ನೆನಪಿಡಲಿ ಎಂದು ಹೇಳುತ್ತಿದ್ದೇನೆ.

ಯಾಟ್ ಇಲ್ಲದಿದ್ದರೂ ನಮ್ಮ ಬಳಿ ಹರಿಗೋಲು ಇದೆ. ಅದೇನೂ ಕಡಿಮೆ ವಯಸ್ಸಿನದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ತುಂಗಭದ್ರೆಯ ಹರಿಗೋಲುಗಳನ್ನು ಕಂಡು ಬರೆದಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆ, ಸದಾ ಗಿರಗಿರನೆ ತಿರುಗುತ್ತಿರುತ್ತವೆ ಎಂದು ಅವನ ವರ್ಣನೆ. ಐನೂರು ವರ್ಷಗಳಾದರೂ ಅದರ ಆಕಾರ ಬದಲಾಗಿಲ್ಲ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ, ಅಷ್ಟೆ.

ಹರಿಗೋಲು ತಿರುಗುವುದೇಕೆ, ಯಾಟ್ ನೇರ ಹೋಗುವುದೇಕೆ? ಯಾಟಿನ ತಳದಲ್ಲಿ ನೀರೊಳಗೆ ಇಳಿದ ಒಂದು ಭಾರವಾದ ಅಲಗು ಇರುತ್ತದೆ. ಗಾಳಿ ಪಕ್ಕಕ್ಕೆ ತಳ್ಳಿದರೂ ಅಲಗು ಜಾರಲು ಬಿಡುವುದಿಲ್ಲ. ಅದರ ಬಲದಿಂದ ಹಾಯಿದೋಣಿ ಎದುರುಗಾಳಿಯಲ್ಲೂ ಓರೆಯಾಗಿ, ಹಾವಿನ ನಡೆಯಂತೆ ಅತ್ತಿತ್ತ ಹೊರಳುತ್ತ ಮುಂದುವರಿಯುತ್ತದೆ. ಹರಿಗೋಲಿಗೆ ಅಲಗೂ ಇಲ್ಲ, ಮೂತಿಯೂ ಇಲ್ಲ. ಆದ್ದರಿಂದ ಹುಟ್ಟನ್ನು ಬದಿಯಲ್ಲಲ್ಲ, ಮುಂದೆ ಹಾಕಿ ನೀರನ್ನು ತನ್ನತ್ತ ಸೆಳೆದುಕೊಳ್ಳಬೇಕು. ಆದರೆ ಮೊಳಕಾಲು ನೀರಿದ್ದಲ್ಲೂ ಅದು ತೇಲುತ್ತದೆ, ಕಲ್ಲು ತಗುಲಿದರೆ ಬಳುಕುತ್ತದೆ. ನಮ್ಮ ಹೊಳೆಗಳಿಗೆ ತಕ್ಕ ದೋಣಿ ಅದು. ನಾಡಿದ್ದು ಅದರಲ್ಲಿ ಕುಳಿತು ನೀವು ನಗುತ್ತ ಸುತ್ತು ಹೊಡೆಯುವಾಗ, ಅಂಬಿಗನ ಕೈಯನ್ನು ಗಮನಿಸಿ. ಅದು ಕಲಿಕೆಯಿಂದ ಬಂದ ಕೈ.

ಭೂಮಿ ಹೆತ್ತ ದ್ವೀಪಗಳು

ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಕಂಬ ಕಂಬವಾಗಿ ನಿಂತ ಕಲ್ಲುಗಳಿವೆ. ಯಾರೋ ಉಳಿ ಹಿಡಿದು ಆರು ಮೂಲೆ ಕೆತ್ತಿದಂತೆ ಕಾಣುತ್ತವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಒಂದರಿಂದೊಂದು ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾರಸ ತಣ್ಣಗಾಗುತ್ತ ಕುಗ್ಗಿ ಬಿರಿದ ಬಗೆ ಅದು. ಒಣಗಿದ ಕೆರೆಯ ಕೆಸರು ತುಂಡು ತುಂಡಾಗಿ ಬಿರಿಯುವುದನ್ನು ನೀವು ನೋಡಿದ್ದೀರಿ, ಹೆಚ್ಚುಕಡಿಮೆ ಅದೇ ಕ್ರಮ. ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. 1498ರಲ್ಲಿ ವಾಸ್ಕೊ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು ಮೇರಿಯ ಹೆಸರಿಟ್ಟನೆಂಬ ಪ್ರತೀತಿಯಿಂದ ಈ ಹೆಸರು.

ಇದೇ ಕರಾವಳಿಯ ಉದ್ದಕ್ಕೂ ದ್ವೀಪಗಳಿವೆ. ಹೊನ್ನಾವರದ ಬಳಿ ಕೋಟೆಯಿರುವ ಬಸವರಾಜದುರ್ಗ ಕೆಳದಿಯ ಅರಸರನ್ನು ನೆನಪಿಸುತ್ತದೆ. ಕಾರವಾರದ ಎದುರಿನ ಕೂರ್ಮಗಡದಲ್ಲಿ ನರಸಿಂಹ ದೇವರ ಗುಡಿಯಿದ್ದು ವರ್ಷಕ್ಕೊಮ್ಮೆ ಜನವರಿಯಲ್ಲಿ ಜಾತ್ರೆಯಾಗುತ್ತದೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯ ಸುತ್ತ ಹವಳ, ಬಣ್ಣದ ಮೀನುಗಳು. ಅಲ್ಲಿಗೆ ಈಗ ಸ್ಕೂಬಾ ಡೈವಿಂಗಿಗೆಂದು ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಹಿಂದೆ ಇದೇ ದ್ವೀಪದ ಬಂಡೆಗಳು ನೌಕಾಪಡೆಯ ಗುರಿ ಅಭ್ಯಾಸಕ್ಕೆ ಬಳಕೆಯಾಗುತ್ತಿದ್ದವು. ಅಲ್ಲಿ ಗೂಡು ಕಟ್ಟುವ ಬಿಳಿಹೊಟ್ಟೆಯ ಕಡಲಹದ್ದುಗಳಿಗಾಗಿ ಪರಿಸರಾಸಕ್ತರು ದನಿ ಎತ್ತಿದ್ದರು.

ಈ ಸುಂದರ ದ್ವೀಪಗಳ ಬಗ್ಗೆ ಮಾತನಾಡುವಾಗ ಎರಡು ದಿನಗಳನ್ನು ಮರೆಯಬಾರದು. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2022ರ ಏಪ್ರಿಲ್‌ನಲ್ಲಿ ಸೇಂಟ್ ಮೇರೀಸ್ ದ್ವೀಪದ ನೀರಿಗೆ ಸಿಕ್ಕಿ ಕೇರಳದ ಎಂಜಿನಿಯರಿಂಗ್ ಕಾಲೇಜೊಂದರ ಮೂವರು ವಿದ್ಯಾರ್ಥಿಗಳು ಜೀವ ಕಳೆದುಕೊಂಡರು. ಅವರೂ ನಿಮ್ಮ ಹಾಗೆಯೇ ಕಾಲೇಜಿನ ಪ್ರವಾಸಕ್ಕೆ ಬಂದವರು, ನಿಮ್ಮದೇ ವಯಸ್ಸಿನವರು.

ಮನುಷ್ಯ ಮಾಡಿದ ದ್ವೀಪಗಳು

ಇನ್ನು ಮನೆಯ ಹತ್ತಿರಕ್ಕೆ ಬರೋಣ. ಮೂಡಿಗೆರೆಯ ಬೆಟ್ಟಗಳಲ್ಲಿ ಹುಟ್ಟಿ ಸಕಲೇಶಪುರವನ್ನು ಹಾದುಹೋಗುವ ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾಯಿತು. ಅದರ ಉದ್ದ ಸುಮಾರು 4.7 ಕಿ.ಮೀ. ಪೂರ್ಣಮಟ್ಟ 2,922 ಅಡಿ. ತುಂಬಿದಾಗ 37.10 ಟಿಎಂಸಿ ನೀರು. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಇಷ್ಟು ನೀರು ಹರಡಿಕೊಂಡದ್ದು ಸುಮಾರು 8,500 ಹೆಕ್ಟೇರ್ ನೆಲದ ಮೇಲೆ. ಹಾಸನ, ಆಲೂರು, ಸಕಲೇಶಪುರ ಕಡೆಯ ಗದ್ದೆ, ತೋಟ, ಗುಡಿ, ಊರುಗಳು ಆ ನೆಲದಲ್ಲಿದ್ದವು.

ನಮ್ಮ ನೆಲ ಸಪಾಟಾಗಿದ್ದಿದ್ದರೆ ನೀರು ಒಂದು ದೊಡ್ಡ ತಟ್ಟೆಯಂತೆ ನಿಲ್ಲುತ್ತಿತ್ತು. ಇದು ಗುಡ್ಡಗಳ ಸೀಮೆ. ನೀರು ಮೊದಲು ಕಣಿವೆಯ ಗದ್ದೆಗಳನ್ನು ತುಂಬಿತು. ಆಮೇಲೆ ಗುಡ್ಡದ ಬುಡದ ಮನೆಗಳನ್ನು. ಆಮೇಲೆ ಇಳಿಜಾರಿನ ತೋಟಗಳನ್ನು. 2,922 ಅಡಿಗೆ ಬಂದು ನಿಂತಾಗ, ಅದಕ್ಕಿಂತ ಎತ್ತರವಿದ್ದ ಗುಡ್ಡದ ನೆತ್ತಿಗಳು ಮಾತ್ರ ಮೇಲೆ ಉಳಿದವು. ಅವೇ ಇವತ್ತಿನ ನಡುಗಡ್ಡೆಗಳು. ಅಲ್ಲಿ ಹೊಸ ನೆಲವೇನೂ ಮೇಲೆದ್ದು ಬರಲಿಲ್ಲ. ಹಳೆಯ ನೆಲ ಅಷ್ಟು ಮಾತ್ರ ಉಳಿಯಿತು.

ಈ ದ್ವೀಪಗಳಿಗೆ ಇನ್ನೊಂದು ಗುಣವಿದೆ. ಇವನ್ನು ಭೂಪಟದಲ್ಲಿ ನೋಡಿದರೆ ಸಾಲದು, ಕ್ಯಾಲೆಂಡರನ್ನೂ ನೋಡಬೇಕು. ಜುಲೈ, ಆಗಸ್ಟ್‌ನಲ್ಲಿ ಮಳೆ ಹಿಡಿದು ಜಲಾಶಯ ತುಂಬಿದಾಗ ದ್ವೀಪವಾಗಿರುವ ಗುಡ್ಡ, ಮಾರ್ಚ್ ಏಪ್ರಿಲ್ ಹೊತ್ತಿಗೆ ದಡಕ್ಕೆ ಅಂಟಿಕೊಂಡಿರಬಹುದು. ನೀರು ಕಾಲುವೆಗಳಲ್ಲಿ ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ಹೋಗುತ್ತದೆ, ತುಮಕೂರಿನ ಕೊಳಾಯಿಗಳಿಗೂ ಹೋಗುತ್ತದೆ. ದೂರದ ಊರಿನಲ್ಲಿ ಯಾರೋ ಕೊಡ ತುಂಬಿಕೊಂಡಂತೆ ಇಲ್ಲಿ ದ್ವೀಪದ ಅಂಚು ಕೆಳಕ್ಕೆ ಇಳಿಯುತ್ತದೆ. ಅಣೆಕಟ್ಟಿನಿಂದ ಆದ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಆ ಕೊಡ ತುಂಬಲು ಯಾರ ಗದ್ದೆ ಮುಳುಗಿತು ಎಂಬುದನ್ನೂ ಜೊತೆಗೇ ಹೇಳಬೇಕು ಎನ್ನುತ್ತೇನೆ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಗುರುತು ಶೆಟ್ಟಿಹಳ್ಳಿಯ ಇಗರ್ಜಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು ಅದು. ಜಲಾಶಯ ಬಂದಮೇಲೆ ಊರು ಖಾಲಿಯಾಯಿತು, ಚರ್ಚು ಒಂಟಿಯಾಗಿ ಉಳಿಯಿತು. ಮಳೆಗಾಲದಲ್ಲಿ ನೀರಿನಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ನೆಲ ಕಾಣುತ್ತದೆ. ವರ್ಷ ವರ್ಷವೂ ನೆನೆದು ಒಣಗಿ ಗೋಡೆಗಳು ಒಂದೊಂದಾಗಿ ಕುಸಿಯುತ್ತಿವೆ. ಜನ ಹರಿಗೋಲಿನಲ್ಲಿ ಹೋಗಿ ಫೋಟೊ ತೆಗೆದುಕೊಂಡು ಬರುತ್ತಾರೆ. ಚರ್ಚಿಗೆ ಎತ್ತರದ ಕಮಾನುಗಳಿದ್ದವು, ಅದಕ್ಕೇ ಅದು ಕಣ್ಣಿಗೆ ಬೀಳುತ್ತದೆ. ಮಣ್ಣಿನ ಗೋಡೆಯ ಮನೆಗಳಿಗೆ ಆ ಭಾಗ್ಯವೂ ಇಲ್ಲ. ಅವು ಮೊದಲ ಮಳೆಗಾಲದಲ್ಲೇ ಕರಗಿಹೋದವು.

ಹೇಮಾವತಿಯೊಂದೇ ಅಲ್ಲ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಸಾಗರ ತಾಲ್ಲೂಕಿನಲ್ಲಿ ಇದೇ ಕತೆ ಇನ್ನೂ ದೊಡ್ಡದಾಗಿ ನಡೆಯಿತು. ಅಲ್ಲಿನ ಹೊನ್ನೆಮರಡುವಿನಲ್ಲಿ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಹರಿಗೋಲು, ಕಯಾಕ್ ಕಲಿತಿದ್ದಾರೆ, ಹಿನ್ನೀರಿನ ನಡುಗಡ್ಡೆಯಲ್ಲಿ ರಾತ್ರಿ ಕಳೆದಿದ್ದಾರೆ. ನಮ್ಮ ನಾಡಿನಲ್ಲಿ ದ್ವೀಪದ ಸಾಹಸ ಪ್ರವಾಸ ಎಂಬುದು ರೂಪುಗೊಂಡ ಜಾಗಗಳಲ್ಲಿ ಅದೂ ಒಂದು. ಅದೇ ನೀರಿನ ಆಚೆ ದಡದ ತುಮರಿ ಕಡೆಯ ಜನರಿಗೆ ಮಾತ್ರ ದೋಣಿ ಆಟವಾಗಿರಲಿಲ್ಲ. ಆಸ್ಪತ್ರೆಗೆ, ಶಾಲೆಗೆ, ಸಂತೆಗೆ ಅವರು ದಶಕಗಳ ಕಾಲ ಲಾಂಚ್ ಕಾದು ನಿಂತರು. ಅಂಬಾರಗೊಡ್ಲು ಮತ್ತು ಕಳಸವಳ್ಳಿಯ ನಡುವಿನ ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅಣೆಕಟ್ಟು ಬಂದು 61 ವರ್ಷಗಳಾದ ಮೇಲೆ.

ಮುಳುಗಡೆಯ ದುಃಖವನ್ನು ಕನ್ನಡಕ್ಕೆ ಹೇಳಿದವರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದು ಆ ಬದುಕನ್ನು ಹತ್ತಿರದಿಂದ ಕಂಡವರು. 2025ರ ಜನವರಿಯಲ್ಲಿ ತೀರಿಕೊಂಡರು. ಅವರ 'ದ್ವೀಪ' ಕಾದಂಬರಿಯನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ನಟಿ ಸೌಂದರ್ಯ ನಿರ್ಮಿಸಿ ನಟಿಸಿದ ಆ ಚಿತ್ರಕ್ಕೆ 2002ರ ಸಾಲಿನ ಸ್ವರ್ಣಕಮಲ ಬಂತು. ಏರುತ್ತಿರುವ ನೀರಿನ ನಡುವೆ ಗುಡ್ಡ ಬಿಟ್ಟು ಹೋಗಲೊಪ್ಪದ ಒಂದು ಕುಟುಂಬದ ಕತೆ. ನೀವು ನೋಡಿರದಿದ್ದರೆ ಪ್ರವಾಸದಿಂದ ಬಂದಮೇಲೆ ನೋಡಿ.

ನನ್ನ ತಪ್ಪು

ಈಗ ನನ್ನ ತಪ್ಪಿನ ಕತೆ. ಪತ್ರಿಕೆ ಸೇರಿದ ಮೊದಲ ವರ್ಷ. ನಾಲ್ಕಾರು ಗೆಳತಿಯರ ಜೊತೆ ಆಲೂರು ಕಡೆಯ ಹಿನ್ನೀರಿಗೆ ಹೋಗಿದ್ದೆ. ಹರಿಗೋಲಿನಲ್ಲಿ ಒಂದು ನಡುಗಡ್ಡೆಗೆ ಹೋದೆವು. ಹುಲ್ಲು, ನಾಲ್ಕು ಮರ, ಬೆಳ್ಳಕ್ಕಿಗಳು, ಸುತ್ತ ನೀಲಿ ನೀರು. ಬುತ್ತಿ ಬಿಚ್ಚಿ ಉಂಡೆವು, ಹಾಡಿದೆವು. ಮರುವಾರ ಅದರ ಬಗ್ಗೆ ಅರ್ಧ ಪುಟ ಬರೆದೆ. ಮನುಷ್ಯರ ಸುಳಿವಿಲ್ಲದ ರಮ್ಯ ದ್ವೀಪ, ಯಾರೂ ಕಾಲಿಡದ ನೆಲ, ಹೀಗೆಲ್ಲ ಬರೆದಿದ್ದೆ. ಬಣ್ಣದ ಚಿತ್ರದೊಡನೆ ಅಚ್ಚಾಯಿತು. ಸಂಭ್ರಮದಿಂದ ಊರಿಗೆ ಒಯ್ದು ಅಜ್ಜಿಗೆ ಓದಿ ಹೇಳಿದೆ.

ಅಜ್ಜಿ ಮುಳುಗಡೆಯಿಂದ ಎದ್ದು ಬಂದವರು. ಅದು ನನಗೆ ಗೊತ್ತಿತ್ತು, ಆದರೆ ಮನೆಯಲ್ಲಿ ಆ ವಿಷಯ ಹೆಚ್ಚು ಮಾತಿಗೆ ಬರುತ್ತಿರಲಿಲ್ಲ. ಅಜ್ಜಿ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಯಾವ ಕಡೆಯಿಂದ ಹೋದಿರಿ, ಎಡಕ್ಕೆ ಏನು ಕಾಣುತ್ತಿತ್ತು ಎಂದು ಕೇಳಿದರು. ಆಮೇಲೆ ಇಷ್ಟೇ ಹೇಳಿದರು: "ಅದ್ಯಾವ ದ್ವೀಪವೇ? ಅದು ನಮ್ಮ ದನ ಮೇಯ್ತಿದ್ದ ಗುಡ್ಡ ಕಣೇ."

ಯಾರೂ ಕಾಲಿಡದ ನೆಲ ಎಂದು ನಾನು ಬರೆದ ಕಡೆ ಅಜ್ಜಿ ಮದುವೆಯಾಗಿ ಬಂದ ಹೊಸತರಲ್ಲಿ ದಿನವೂ ಹತ್ತಿ ಇಳಿದಿದ್ದರು. ಆ ಮಧ್ಯಾಹ್ನ ಅವರು ಒಂದೊಂದೇ ಹೇಳಿದರು. ಗುಡ್ಡದ ಬುಡದಲ್ಲಿ ಹತ್ತಿಪ್ಪತ್ತು ಮನೆ. ಬಾವಿ ಒಂದು, ಅದರ ನೀರು ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಎರಡು ಬೆಳೆಯ ಗದ್ದೆ. ಮನೆ ಬಿಡುವ ದಿನ ಹೆಂಚು, ಬಾಗಿಲು, ಜಂತಿ ಎಲ್ಲ ಬಿಚ್ಚಿಕೊಂಡರಂತೆ. ಒರಳುಕಲ್ಲನ್ನು ಮಾತ್ರ ಎತ್ತಲಾಗದೆ ಅಲ್ಲೇ ಬಿಟ್ಟು ಬಂದರಂತೆ. ಗುಡ್ಡಕ್ಕೊಂದು ಹೆಸರಿತ್ತು. ಆ ಹೆಸರು ನನ್ನ ಅರ್ಧ ಪುಟದಲ್ಲಿ ಇರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ನಮ್ಮ ಕೆಲಸದಲ್ಲಿ ಇಸವಿ ತಪ್ಪಿದರೆ ತಿದ್ದುಪಡಿ ಹಾಕುತ್ತೇವೆ. ಇದಕ್ಕೆ ತಿದ್ದುಪಡಿ ಹಾಕುವ ಕ್ರಮ ನನಗೆ ತಿಳಿಯಲಿಲ್ಲ. ಇವತ್ತು ನಿಮ್ಮೆದುರು ಮಾತನಾಡುತ್ತಿರುವುದೇ ಒಂದು ರೀತಿಯ ತಿದ್ದುಪಡಿ.

ನೀರು ತಂದ ಇನ್ನೊಂದು ಬದಲಾವಣೆ

ಮುಳುಗಡೆಯಾದವರು ಎಲ್ಲಿಗೆ ಹೋದರು? ಹೇಮಾವತಿ ಜಲಾಶಯ ಯೋಜನೆಯ ನಿರಾಶ್ರಿತರಿಗೆಂದು ಜಿಲ್ಲೆಯ ಹಲವು ಕಡೆ ಜಮೀನು ಗೊತ್ತುಮಾಡಿದರು. ಸಕಲೇಶಪುರ, ಆಲೂರು ಭಾಗದಲ್ಲಿ ಅದರಲ್ಲಿ ಎಷ್ಟೋ ಕಾಡಿನ ಅಂಚಿನ ಜಮೀನು. ಕಣಿವೆಯಲ್ಲಿ ಗದ್ದೆ ಮಾಡಿಕೊಂಡಿದ್ದವರು ಕಾಡಿನ ಪಕ್ಕಕ್ಕೆ ಬಂದರು. ಕಾಡಿನಲ್ಲಿದ್ದ ಆನೆಗಳ ಓಡಾಟದ ಜಾಗ ಒಂದು ಕಡೆ ನೀರಿಗೆ, ಇನ್ನೊಂದು ಕಡೆ ಹೊಲ ತೋಟಗಳಿಗೆ ಹೋಯಿತು. ಇವತ್ತು ನಮ್ಮ ಎರಡೂ ತಾಲ್ಲೂಕುಗಳಲ್ಲಿ ಆನೆ ಎಂದರೆ ಏನೆಂದು ನಿಮಗೆ ನಾನು ಹೇಳಬೇಕಿಲ್ಲ. ನಿಮ್ಮಲ್ಲಿ ಎಷ್ಟೋ ಮಂದಿ ಬೆಳಿಗ್ಗೆ ಮೊಬೈಲಿನಲ್ಲಿ ಆನೆ ಎಲ್ಲಿದೆ ಎಂದು ನೋಡಿಯೇ ಮನೆಯಿಂದ ಹೊರಡುವವರು. 2012ರಲ್ಲಿ ಆನೆ ಕಾರ್ಯಪಡೆ ಹೈಕೋರ್ಟಿಗೆ ವರದಿ ಕೊಟ್ಟ ಮೇಲೆ, 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಸಮಸ್ಯೆ ಮುಗಿಯಲಿಲ್ಲ. ಇದಕ್ಕೆಲ್ಲ ಅಣೆಕಟ್ಟೊಂದೇ ಕಾರಣ ಎನ್ನುವುದು ಸರಿಯಲ್ಲ. ಆದರೆ ನೀರು ಒಂದು ಕಡೆ ನಿಂತರೆ ಅದರ ಅಲೆ ಎಷ್ಟು ದೂರ ಹೋಗಿ ತಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಆನೆ ಚೆನ್ನಾಗಿ ಈಜುತ್ತದೆ. ಹಿನ್ನೀರಿನ ದಡದಲ್ಲಿ ಬಿಡಾರ ಹೂಡುವವರು ಇದನ್ನು ನೆನಪಿಟ್ಟುಕೊಳ್ಳಿ. ಸಂಜೆಯಾದ ಮೇಲೆ ದಡದ ಪೊದೆಗಳ ಕಡೆ ಅಡ್ಡಾಡುವುದು ಬೇಡ. ಅರಣ್ಯ ಇಲಾಖೆಯವರು ಬೇಡವೆಂದ ಕಡೆ ಹೋಗುವುದಂತೂ ಬೇಡವೇ ಬೇಡ.

ಹೇಗೆ ಹೋಗಬೇಕು

ಹಾಗಾದರೆ ನಿಮ್ಮ ಪ್ರವಾಸ ತಪ್ಪೇ? ಖಂಡಿತ ಅಲ್ಲ. ನೀರಿನ ಮೇಲೆ ಆಡುವುದರಿಂದ ಮುಳುಗಿದವರಿಗೆ ಅವಮಾನವಾಗುವುದಿಲ್ಲ. ನನ್ನ ಅಜ್ಜಿಯೇ, ನೀವು ಹೊರಟಿದ್ದೀರೆಂದು ಕೇಳಿ, ಹುಡುಗರು ಹೋಗಿಬರಲಿ, ಯಾರಾದರೂ ಆ ಗುಡ್ಡ ಹತ್ತಲಿ ಎಂದರು. ಹೋಗುವ ಕ್ರಮ ತಿಳಿದು ಹೋದರೆ ಸಾಕು. ನನ್ನ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು ಜೀವರಕ್ಷಕ ಜಾಕೆಟ್. ಈಜು ಬರುತ್ತದೆ ಎಂಬುದು ಅದನ್ನು ಬಿಚ್ಚಲು ಕಾರಣವಲ್ಲ. ನಾನು ಹೇಳಿದ ಆ ದಿನ ನಮ್ಮ ಹರಿಗೋಲಿನಲ್ಲಿ ಒಂದು ಜಾಕೆಟ್ಟೂ ಇರಲಿಲ್ಲ, ಹಿಡಿಸುವುದಕ್ಕಿಂತ ಇಬ್ಬರು ಹೆಚ್ಚಿದ್ದೆವು. ಮರಳುವಾಗ ಮಧ್ಯಾಹ್ನದ ಗಾಳಿ ಎದ್ದಿತು. ಅಲೆ ಅಂಚು ದಾಟಿ ಒಳಗೆ ಬಂತು. ಊಟದ ಡಬ್ಬಿಗಳಲ್ಲಿ ನೀರು ಮೊಗೆಯುತ್ತ ದಡ ಸೇರಿದೆವು. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಅದೇ. ನಾನು ಬರೆದ ಅರ್ಧ ಪುಟದಲ್ಲಿ ಇದೂ ಇರಲಿಲ್ಲ. ಆದ್ದರಿಂದ ಎರಡನೆಯ ಮಾತು, ಬೆಳಿಗ್ಗೆ ಹೋಗಿ, ಗಾಳಿ ಏಳುವ ಮುನ್ನ ಬನ್ನಿ. ಹತ್ತುವಾಗಲೂ ಇಳಿಯುವಾಗಲೂ ತಲೆ ಎಣಿಸಿ.

ಮೂರನೆಯದು, ಜಲಾಶಯವನ್ನು ಕೆರೆಯೆಂದು ತಿಳಿದು ನೆಗೆಯಬೇಡಿ. ನಿಮ್ಮ ಕೆಳಗೆ ಗೋಡೆ ಇರಬಹುದು, ಮರದ ಮೋಟು ಇರಬಹುದು, ತೆರೆದ ಬಾವಿ ಇರಬಹುದು. ನೀರು ಇಳಿದ ದಡ ಒಣಗಿದಂತೆ ಕಂಡರೂ ಒಳಗೆ ಸೊಂಟದ ತನಕ ಕೆಸರಿರುತ್ತದೆ. ಕಡಲಿನಲ್ಲೂ ಅಷ್ಟೇ. ಬಂಡೆಯ ತುದಿಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಹುಡುಗನಿಗೆ ಏಳನೆಯ ಅಲೆ ಮೊದಲ ಆರರಂತೆ ಇರುವುದಿಲ್ಲ ಎಂದು ತಿಳಿದಿರುವುದಿಲ್ಲ. ಅನುಮತಿ ಇರುವ ಕಡೆ, ಬಲ್ಲವರ ಜೊತೆ ಮಾತ್ರ ನೀರಿಗೆ ಇಳಿಯಿರಿ.

ನಾಲ್ಕನೆಯದು ನನ್ನ ಸ್ವಂತ ಕೋರಿಕೆ. ನೀವು 40 ಜನ ಇದ್ದೀರಿ, ಐದು ತಂಡ ಮಾಡಿಕೊಂಡಿದ್ದೀರಿ. ಹಿನ್ನೀರಿನ ದಡದಲ್ಲಿ ಕಳೆಯುವ ಎರಡು ದಿನಗಳಲ್ಲಿ ಪ್ರತಿ ತಂಡವೂ ಮೂರು ವಿಷಯ ಬರೆದುಕೊಂಡು ಬನ್ನಿ. ದ್ವೀಪವಾಗುವ ಮೊದಲು ಆ ಗುಡ್ಡದ ಹೆಸರೇನಿತ್ತು? ಅದರ ಬುಡದಲ್ಲಿ ಯಾವ ಊರಿತ್ತು? ಆ ಊರಿನವರು ಈಗ ಎಲ್ಲಿದ್ದಾರೆ? ಅಂಬಿಗನನ್ನು ಕೇಳಿ. ದಡದ ಅಂಗಡಿಯಲ್ಲಿ ಕೂತ ಮುದುಕರನ್ನು ಕೇಳಿ. ನಿಮ್ಮ ಮನೆಯಲ್ಲೇ ಕೇಳಿ, ನಿಮ್ಮಲ್ಲೂ ಕೆಲವರ ಅಜ್ಜಿಯರು ಅಲ್ಲಿಂದ ಬಂದವರಿರಬಹುದು. 1979ರಲ್ಲಿ 30 ವರ್ಷದವರಾಗಿದ್ದವರಿಗೆ ಈಗ 75 ದಾಟಿದೆ. ಆ ಹೆಸರುಗಳನ್ನು ಬಾಯಿಂದ ಹೇಳಬಲ್ಲವರು ಇನ್ನು ಬಹಳ ವರ್ಷ ನಮ್ಮೊಡನೆ ಇರುವುದಿಲ್ಲ. ಸರ್ಕಾರದ ಕಡತದಲ್ಲಿ ಊರಿನ ಹೆಸರು ಇರುತ್ತದೆ. ದನ ಮೇಯುವ ಗುಡ್ಡದ ಹೆಸರು, ಬತ್ತದ ಬಾವಿಯ ಹೆಸರು ಕಡತದಲ್ಲಿ ಇರುವುದಿಲ್ಲ.

ಸಮುದ್ರದ ದ್ವೀಪದಲ್ಲಿ ಎಂಟು ಕೋಟಿ ವರ್ಷದ ಕಲ್ಲು ತನ್ನ ಕತೆಯನ್ನು ತಾನೇ ಹೇಳಿಕೊಳ್ಳುತ್ತದೆ. ವಿಜ್ಞಾನಿಗಳು ಬಂದು ಓದುತ್ತಾರೆ, ಸ್ಮಾರಕವೆಂದು ಫಲಕ ಹಾಕುತ್ತಾರೆ. ನಮ್ಮ ಹಿನ್ನೀರಿನ ದ್ವೀಪದ ಕತೆಗೆ ಇನ್ನೂ 50 ವರ್ಷ ಕೂಡ ಆಗಿಲ್ಲ, ಆಗಲೇ ಮರೆತುಹೋಗುತ್ತಿದೆ. ಅದನ್ನು ಕೇಳಿ ಬರೆದಿಡಲು ವಿಜ್ಞಾನಿಗಳು ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು.

ಬರೆದು ತಂದದ್ದನ್ನು ನನಗೆ ಕೊಡಿ. ಪತ್ರಿಕೆಯಲ್ಲಿ ಜಾಗ ಕೇಳುವ ಕೆಲಸ ನನ್ನದು. ಆ ಹಳೆಯ ಅರ್ಧ ಪುಟಕ್ಕೆ ಅದಕ್ಕಿಂತ ಒಳ್ಳೆಯ ತಿದ್ದುಪಡಿ ಸಿಗಲಾರದು. ಮೊದಲ ಹೆಸರನ್ನು ನಾನೇ ಕೊಡುತ್ತೇನೆ, ಅಜ್ಜಿಯಿಂದ ಕೇಳಿ ಬರೆದಿಟ್ಟುಕೊಂಡಿದ್ದೇನೆ.

ಚೆನ್ನಾಗಿ ಆಡಿ, ಜಾಕೆಟ್ ಬಿಚ್ಚಬೇಡಿ, ಎಲ್ಲರೂ ಕ್ಷೇಮವಾಗಿ ಮರಳಿ ಬನ್ನಿ.